ಧೂಮಪಾನ ಬಿಟ್ಟವರ ಬೇಸರ: ಕಾರಣ ಮತ್ತು ಪರಿಹಾರ

ಧೂಮಪಾನದ ಹಾನಿಯ ಕುರಿತು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಸಿಗರೇಟಿನ ಪೊಟ್ಟಣವೇ ಆ ಕೆಲಸವನ್ನು ಚಿತ್ರಸಹಿತ ಮಾಡುತ್ತಿದೆ. ಆದರೆ ದೃಢ ಮನಸ್ಸಿನಿಂದ ಬಿಟ್ಟು, ಮೊದಲ ವಾರದ ಕಷ್ಟವನ್ನೂ ದಾಟಿದವರು ಮೂರನೆಯ ವಾರದ ಒಂದು ಸಾಧಾರಣ ಮಧ್ಯಾಹ್ನ ಮತ್ತೆ ಹಚ್ಚಿಕೊಳ್ಳುವುದೇಕೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಕೇಳಿದರೆ ಅನೇಕರು ಕೊಡುವ ಉತ್ತರ ‘ಏನೋ ಬೇಜಾರಾಗಿತ್ತು’ ಎಂಬ ಒಂದೇ ಮಾತು. ಮನೆಯವರಿಗೆ ಇದು ಕುಂಟುನೆಪವೆಂದು ತೋರುತ್ತದೆ. ವಾಸ್ತವದಲ್ಲಿ ಅದಕ್ಕೆ ದೇಹಧರ್ಮದ ಆಧಾರವಿದೆ.

ಹೊಗೆಯನ್ನು ಒಳಗೆಳೆದುಕೊಂಡ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ತಲುಪುತ್ತದೆ. ಅಲ್ಲಿ ಹಿತಾನುಭವಕ್ಕೆ ಸಂಬಂಧಿಸಿದ ಡೋಪಮಿನ್ ಎಂಬ ರಾಸಾಯನಿಕದ ಬಿಡುಗಡೆಗೆ ಕಾರಣವಾಗುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಸುಮಾರು ಎರಡು ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಈ ಇಳಿತವನ್ನೇ ಸೇದುವವನು ಬೇಸರವೆಂದು ಕರೆಯುತ್ತಾನೆ, ಇನ್ನೊಂದನ್ನು ಹಚ್ಚಿದೊಡನೆ ಬೇಸರ ಕಳೆಯಿತೆಂದು ನಂಬುತ್ತಾನೆ. ಪೂರ್ತಿಯಾಗಿ ಬಿಟ್ಟಾಗ ಸಿಡುಕು, ಚಡಪಡಿಕೆ, ಏಕಾಗ್ರತೆಯ ಕೊರತೆ ಮೊದಲ ವಾರದಲ್ಲಿ ಹೆಚ್ಚಿದ್ದು, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಆ ಅವಧಿಯಲ್ಲಿ ಪತ್ರಿಕೆ, ಊಟ, ಹರಟೆ ಎಲ್ಲವೂ ಸಪ್ಪೆಯೆನಿಸುವುದು ಸಹಜ. ಜೀವನವೇ ಹೀಗಾಯಿತೆಂದು ತಿಳಿಯಬೇಕಾಗಿಲ್ಲ.

ಬೇಸರಕ್ಕೆ ಇನ್ನೊಂದು ಕಾರಣ ವೇಳೆಗೆ ಸಂಬಂಧಿಸಿದ್ದು. ಲೆಡ್ಜರುಗಳ ಕಾಲದ ಬ್ಯಾಂಕುಗಳನ್ನು ಕಂಡವರಿಗೆ ಇದು ಚೆನ್ನಾಗಿ ತಿಳಿದಿದೆ. ಸಂಜೆ ಲೆಕ್ಕ ತಾಳೆಯಾಗದಿದ್ದರೆ ಒಂದು ಸಿಗರೇಟು, ತಾಳೆಯಾದರೆ ಇನ್ನೊಂದು. ದೆಹಲಿಯಲ್ಲಿ 1996ರಲ್ಲಿಯೇ ಸಾರ್ವಜನಿಕ ಸ್ಥಳಗಳ ಧೂಮಪಾನದ ವಿರುದ್ಧ ಕಾಯಿದೆಯಾಯಿತು. 2008ರ ಅಕ್ಟೋಬರ್ 2ರಿಂದ ಕೇಂದ್ರದ ನಿಯಮಗಳು ದೇಶಾದ್ಯಂತ ಕಚೇರಿಗಳಿಗೂ ಅನ್ವಯವಾದವು. ಮೇಜಿನ ಮೇಲಿನ ಬೂದಿಬಟ್ಟಲು ಮಾಯವಾಯಿತು, ನಾಲ್ವರು ಜೊತೆಗೂಡಿ ಗೇಟಿನ ಹೊರಗಿನ ಚಹಾದಂಗಡಿಗೆ ಇಳಿಯುವ ಪದ್ಧತಿ ಬೆಳೆಯಿತು. ಹಾಗಾಗಿ ಬಿಟ್ಟವನು ಹೊಗೆಯೊಂದಿಗೆ ತನ್ನ ಪುಟ್ಟ ವಿರಾಮವನ್ನೂ ಸಂಗಾತಿಗಳನ್ನೂ ಕಳೆದುಕೊಳ್ಳುತ್ತಾನೆ. ಹರಿಯಾಣದ ಹಳ್ಳಿಗಳ ಹುಕ್ಕಾ ಬೈಠಕ್ಕಿನಲ್ಲಿಯೂ ಬಿಡಲು ಕಷ್ಟವಾಗುವುದು ಬಹುಮಟ್ಟಿಗೆ ಆ ಕೂಟವೇ.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ ಹತ್ತು ಸಿಗರೇಟು, ಒಂದಕ್ಕೆ ಐದು ನಿಮಿಷವೆಂದರೂ ಐವತ್ತು ನಿಮಿಷ, ವರ್ಷಕ್ಕೆ ಮುನ್ನೂರು ಗಂಟೆಗಳಿಗೂ ಮಿಗಿಲು. ಆದರೆ ಈ ಐವತ್ತು ನಿಮಿಷ ಇಡಿಯಾಗಿ ಕೈಗೆ ಸಿಗುವುದಿಲ್ಲ, ಹತ್ತು ಚೂರುಗಳಾಗಿ ದಿನವಿಡೀ ಹರಡಿಕೊಂಡಿರುತ್ತದೆ. ‘ಒಳ್ಳೆಯ ಹವ್ಯಾಸ ಬೆಳೆಸಿಕೊಳ್ಳಿ’ ಎಂಬ ಸಲಹೆ ಬಹಳ ಸಲ ಫಲಿಸದಿರುವುದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ. ಭಾನುವಾರದ ಸಂಗೀತಪಾಠ ಮಂಗಳವಾರ ಊಟವಾದ ಮೇಲಿನ ಐದು ನಿಮಿಷವನ್ನು ತುಂಬಲಾರದು. ಸೇದಬೇಕೆಂಬ ಹಂಬಲದ ಅಲೆಯೂ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಆದುದರಿಂದ ಬೇಕಾಗಿರುವುದು ಐದು ನಿಮಿಷದ, ಕೈಗೆ ಕೆಲಸ ಕೊಡುವ ಚಿಕ್ಕ ಚಿಕ್ಕ ಉದ್ಯೋಗಗಳು.

ಐದು ನಿಮಿಷದ ಕೆಲಸಗಳು

ಬಿಡುವ ಮುನ್ನ ಎರಡು ದಿನ, ಯಾವ ಯಾವ ವೇಳೆಗೆ ಸೇದಿದೆವೆಂದು ಒಂದು ಚೀಟಿಯಲ್ಲಿ ಬರೆದಿಡುವುದು ಉಪಯುಕ್ತ. ಆ ಒಂದೊಂದು ವೇಳೆಗೂ ಒಂದೊಂದು ಕೆಲಸವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು, ಬೇಸರ ಬಂದಾಗ ಯೋಚಿಸುವಷ್ಟು ತಾಳ್ಮೆ ಇರುವುದಿಲ್ಲ. ಪದಬಂಧದ ನಾಲ್ಕು ಸುಳಿವು, ಬಾಲ್ಕನಿಯ ಕುಂಡಗಳಿಗೆ ನೀರು, ಊರಿನಲ್ಲಿರುವ ಅಕ್ಕನಿಗೊಂದು ಫೋನ್, ಒಂದು ಭಾವಗೀತೆಯನ್ನು ಉಸಿರು ಹಿಡಿದು ಪೂರ್ತಿ ಹಾಡುವ ಪ್ರಯತ್ನ, ಇವುಗಳಲ್ಲಿ ಯಾವುದೂ ಆದೀತು. ಚಳಿಗಾಲದಲ್ಲಿ ದೆಹಲಿಯ ಅಡುಗೆಮನೆಗಳಲ್ಲಿ ಹಸಿ ಬಟಾಣಿ ಬಿಡಿಸುವ ಕೆಲಸಕ್ಕೆ ಕೊನೆಯಿಲ್ಲ. ಗೃಹಿಣಿಯರು ಈ ಅವಕಾಶವನ್ನು ಧಾರಾಳವಾಗಿ ಬಳಸಿಕೊಳ್ಳಬಹುದು! ಕಚೇರಿಯಲ್ಲಿರುವವರು ಮೊದಲ ಕೆಲವು ವಾರ ಚಹಾದ ಜಾಗವನ್ನೂ ವೇಳೆಯನ್ನೂ ಬದಲಿಸಿ, ಸೇದದ ಒಬ್ಬ ಸಹೋದ್ಯೋಗಿಯನ್ನು ಜೊತೆಗೆ ಕರೆದೊಯ್ಯುವುದು ಒಳಿತು.

ನಡಿಗೆ ಎಲ್ಲರೂ ಹೇಳುವ ಮದ್ದು. ನಮ್ಮ ರಾಜಧಾನಿಯಲ್ಲಿ ಅದಕ್ಕೂ ಋತು ನೋಡಬೇಕು. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಲೋಧಿ ಉದ್ಯಾನವೋ ನೆಹರೂ ಪಾರ್ಕೋ ಸೊಗಸು. ನವೆಂಬರಿನ ಮಲಿನ ಮಂಜಿನಲ್ಲಿ, ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಶ್ವಾಸಕೋಶದೊಂದಿಗೆ ಮುಂಜಾನೆ ಹೊರಡುವುದು ವಿವೇಕವಲ್ಲ. ಆಗ ಮನೆಯೊಳಗಿನ ಪ್ರಾಣಾಯಾಮ, ಚೌಕಾಬಾರ, ಚದುರಂಗಗಳೇ ಮೇಲು.

ಕಾಫಿಪ್ರಿಯರಾದ ನಾವು ಗಮನಿಸಬೇಕಾದ ವಿಷಯವೊಂದಿದೆ. ತಂಬಾಕಿನ ಹೊಗೆಯಲ್ಲಿರುವ ಪದಾರ್ಥಗಳು ಕೆಫೀನನ್ನು ದೇಹವು ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತ ಮೇಲೆ ಅದೇ ಎರಡು ಲೋಟ ಫಿಲ್ಟರ್ ಕಾಫಿ ರಕ್ತದಲ್ಲಿ ಹೆಚ್ಚು ಹೊತ್ತು ಉಳಿದು, ನಿದ್ರೆ ಕೆಡಿಸಿ, ಕೈಕಾಲು ಚಡಪಡಿಸುವಂತೆ ಮಾಡಬಹುದು. ಅದನ್ನು ಸಿಗರೇಟಿನ ಹಂಬಲವೆಂದು ತಪ್ಪಾಗಿ ತಿಳಿಯುವ ಸಂಭವವೂ ಉಂಟು. ಕೆಲವು ವಾರ ಕಾಫಿಯನ್ನು ಅರ್ಧಕ್ಕಿಳಿಸಿ ನೋಡಬಹುದು. ಕೆಲವು ಔಷಧಿಗಳ ಪರಿಣಾಮವೂ ಹೀಗೆಯೇ ಬದಲಾಗುವುದರಿಂದ, ನಿತ್ಯ ಮಾತ್ರೆ ಸೇವಿಸುವವರು ಧೂಮಪಾನ ಬಿಟ್ಟ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಬದಲಿಗೆ ಏನು ಬೇಡ

ಬಾಯಿಯ ಬೇಸರಕ್ಕೆ ಎಲೆ ಅಡಿಕೆ ಹಾಕಿಕೊಂಡರೆ ತಪ್ಪೇನು ಎಂಬ ಪ್ರಶ್ನೆ ನಮ್ಮವರಲ್ಲಿ ಏಳುವುದು ಸ್ವಾಭಾವಿಕ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನೇ, ತಂಬಾಕು ಬೆರೆಸದಿದ್ದರೂ, ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಲೆನಾಡಿನ ಬಂಧುಗಳಿಗೆ ಈ ಮಾತು ಹಿಡಿಸದು. ಆದರೂ ದಿನಕ್ಕೆ ಹತ್ತು ಸಲ ಸಿಗರೇಟಿನ ಜಾಗದಲ್ಲಿ ಅಡಿಕೆ ಬರಬಾರದು. ಕಡ್ಡಿಪುಡಿ, ಗುಟ್ಕಾಗಳ ಮಾತಂತೂ ಬೇಡವೇ ಬೇಡ. ಗುರುಗ್ರಾಮ, ನೋಯ್ಡಾಗಳಲ್ಲಿ ದುಡಿಯುವ ಮಕ್ಕಳು ಸೂಚಿಸುವ ಇ-ಸಿಗರೇಟಿನ ಮಾರಾಟವನ್ನು 2019ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಚಕ್ಕುಲಿ, ಕೋಡುಬಳೆಗಳ ಡಬ್ಬಿ ಅಪಾಯಕಾರಿಯಲ್ಲವಾದರೂ, ಬಿಟ್ಟ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ತೂಕ ಏರುವುದುಂಟು. ಮಧುಮೇಹಿಗಳು ಸೌತೆಕಾಯಿ, ಹುರಿಗಡಲೆ ಹತ್ತಿರವಿಟ್ಟುಕೊಳ್ಳಲಿ.

ಐವತ್ತು ದಾಟಿದ ಮೇಲೆ ಬಿಟ್ಟು ಪ್ರಯೋಜನವೇನೆಂದು ಕೇಳುವವರಿಗೆ ಬ್ರಿಟಿಷ್ ವೈದ್ಯರ ಮೇಲೆ ಐವತ್ತು ವರ್ಷ ನಡೆದ ಅಧ್ಯಯನ ಉತ್ತರ ಕೊಟ್ಟಿದೆ. ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅರವತ್ತರಲ್ಲಿ ಬಿಟ್ಟವರು ಸುಮಾರು 3 ವರ್ಷ, ಐವತ್ತರಲ್ಲಿ ಬಿಟ್ಟವರು 6 ವರ್ಷ, ನಲವತ್ತರಲ್ಲಿ ಬಿಟ್ಟವರು 9 ವರ್ಷ ಆಯುಷ್ಯ ಗಳಿಸಿದರು.

ಮನೆಯವರಿಗೂ ಒಂದು ವಿನಂತಿ. ‘ಇಷ್ಟಕ್ಕೆಲ್ಲ ಬೇಸರವೇ’ ಎಂದು ಮೂದಲಿಸುವುದಾಗಲಿ, ಗಂಟೆಗೊಮ್ಮೆ ಅಂಗಿಯ ವಾಸನೆ ನೋಡುವುದಾಗಲಿ ನೆರವಾಗದು. ನಿವೃತ್ತರಾಗಿ ಮನೆಯಲ್ಲೇ ಇರುವವರಿಗೆ ಮಧ್ಯಾಹ್ನದ ಮೂರು ಗಂಟೆ ಅತ್ಯಂತ ದೀರ್ಘವಾದ ವೇಳೆ. ಬ್ಯಾಂಕಿನ ಪಾಸ್‌ಬುಕ್ ನಮೂದಿನಿಂದ ಹಿಡಿದು ಮೊಮ್ಮಗನನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳುವವರೆಗೆ ಯಾವುದಾದರೊಂದು ಹೊಣೆಯನ್ನು ಆ ವೇಳೆಗೆ ಅವರ ಪಾಲಿಗೆ ಬಿಡಬಹುದು.

ಇಷ್ಟಾಗಿಯೂ ತಡೆಯಲಾಗದವರಿಗೆ ವೈದ್ಯಕೀಯ ನೆರವಿದೆ. ನಿಕೋಟಿನ್ ಗಮ್ ಔಷಧದಂಗಡಿಗಳಲ್ಲಿ ದೊರೆಯುತ್ತದೆ; ಅದನ್ನು ಸಾಧಾರಣ ಚೂಯಿಂಗ್ ಗಮ್ಮಿನಂತೆ ಅಗಿಯದೆ, ನಿಧಾನವಾಗಿ ಜಗಿದು ಕೆನ್ನೆಯ ಒಳಬದಿಯಲ್ಲಿ ಇಟ್ಟುಕೊಳ್ಳಬೇಕು. ಹೃದ್ರೋಗಿಗಳು ಮೊದಲು ವೈದ್ಯರನ್ನು ಕೇಳಬೇಕು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ವಲ್ಲಭಭಾಯಿ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನಲ್ಲಿ 2016ರಲ್ಲಿ ಆರಂಭವಾದ ರಾಷ್ಟ್ರೀಯ ದೂರವಾಣಿ ಸಹಾಯಸೇವೆಯ ಉಚಿತ ಸಂಖ್ಯೆ 1800-11-2356. 2018ರಿಂದ ಸಿಗರೇಟಿನ ಪೊಟ್ಟಣದ ಮೇಲೆಯೇ ಇದನ್ನು ಮುದ್ರಿಸಲಾಗುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಈ ಸೇವೆಯಲ್ಲಿ ಸೇರಿರುವುದರಿಂದ ಕನ್ನಡದಲ್ಲಿಯೂ ಸಲಹೆ ಪಡೆಯಲು ಅವಕಾಶವಿದೆ. ಚೆಸ್ಟ್ ಇನ್‌ಸ್ಟಿಟ್ಯೂಟಿಗೆ ಖುದ್ದಾಗಿ ಹೋಗಬಯಸುವವರು ಮೆಟ್ರೋದ ಹಳದಿ ಮಾರ್ಗದಲ್ಲಿ ವಿಶ್ವವಿದ್ಯಾಲಯ ನಿಲ್ದಾಣದಲ್ಲಿ ಇಳಿಯಬೇಕು.