ಕಾಡ್ಗಿಚ್ಚು: ಬಸವಕಲ್ಯಾಣ–ಹುಮನಾಬಾದ್ ಸೀಮೆಯ ಒಣ ಕಾಡುಗಳ ಬೆಂಕಿಯ ಇತಿಹಾಸ

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಕುರುಚಲು ಕಾಡು, ಹುಲ್ಲುಗಾವಲು ಮತ್ತು ನೆಡುತೋಪುಗಳಲ್ಲಿ ಬೇಸಿಗೆಯಲ್ಲಿ ಹೊತ್ತಿಕೊಳ್ಳುವ ಬೆಂಕಿ ಈ ಲೇಖನದ ವಿಷಯ. ಕರ್ನಾಟಕದಲ್ಲಿ ಅರಣ್ಯ ತೀರ ಕಡಿಮೆ ಇರುವ ಜಿಲ್ಲೆಗಳಲ್ಲಿ ಬೀದರ್ ಒಂದು. ಇಲ್ಲಿನ ಕಾಡು ಹೊಲಗಳ ನಡುವೆ ತುಂಡುತುಂಡಾಗಿ ಉಳಿದಿದೆ. ಆದ್ದರಿಂದ ಒಂದು ಮಧ್ಯಾಹ್ನದ ಬೆಂಕಿ ಇಡೀ ಗುಡ್ಡವನ್ನೇ ಬೋಳು ಮಾಡಬಲ್ಲದು.

ನೆಲ ಮತ್ತು ಋತು

ಈ ಸೀಮೆಯಲ್ಲಿ ಎತ್ತರದ ಜಾಗ ಕೆಂಪು ಜಂಬಿಟ್ಟಿಗೆಯದು, ತಗ್ಗು ಕಪ್ಪು ಎರೆಯದು. ಎರೆಭೂಮಿ ಬಹು ಹಿಂದೆಯೇ ಬೇಸಾಯಕ್ಕೆ ಹೋಯಿತು. ಕಲ್ಲುನೆಲವೂ ಇಳಿಜಾರೂ ಕಾಡಿನ ಪಾಲಿಗೆ ಉಳಿದವು. ಮುತ್ತುಗ, ಸೀತಾಫಲ, ಬೇವು, ಜಾಲಿ ಇಲ್ಲಿನ ಸಾಮಾನ್ಯ ಮರಗಿಡಗಳು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಮಳೆಗಾಲದಲ್ಲಿ ಎದೆಯುದ್ದ ಬೆಳೆದ ಹುಲ್ಲು ಸಂಕ್ರಾಂತಿ ದಾಟುವಾಗ ಒಣಗಿ ಕರಡವಾಗುತ್ತದೆ. ಎಲೆ ಉದುರಿ ನೆಲಕ್ಕೆ ತರಗಿನ ಹಾಸು ಬೀಳುತ್ತದೆ. ಫೆಬ್ರುವರಿಯಿಂದ ಮೇವರೆಗೆ ಬೆಂಕಿಯ ಕಾಲ. ಮಾರ್ಚ್, ಏಪ್ರಿಲ್ ಹೆಚ್ಚು ಅಪಾಯದ ತಿಂಗಳುಗಳು. ಮಳೆ ಚೆನ್ನಾಗಿ ಬಂದ ವರ್ಷ ಹುಲ್ಲು ಹೆಚ್ಚಿರುವುದರಿಂದ ಮುಂದಿನ ಬೇಸಿಗೆಯಲ್ಲಿ ಉರಿಯುವ ಸರಕೂ ಹೆಚ್ಚುತ್ತದೆ.

ರಾಜರ ಕಾಲದಿಂದ ಜಹಗೀರುಗಳವರೆಗೆ

ಕಲ್ಯಾಣ (ಇಂದಿನ ಬಸವಕಲ್ಯಾಣ) 11ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾಯಿತು. ಇಲ್ಲಿಂದ ಆಳಿದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು ಆನೆಗಳ ಕಾಡು, ಬೇಟೆಯ ಬಗೆಗಳನ್ನು ವಿವರವಾಗಿ ಹೇಳುತ್ತದೆ. ಕಾಡು ಆಗ ಅರಸೊತ್ತಿಗೆಯ ಸಂಪತ್ತಾಗಿತ್ತು. ಕಾಡಿನ ಬೆಂಕಿ ಕನ್ನಡ ಕಾವ್ಯಕ್ಕೂ ಹೊಸದಲ್ಲ: ಪಂಪ 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದಲ್ಲಿ ಖಾಂಡವ ದಹನದ ಪ್ರಸಂಗವಿದೆ.

ಬೆಂಕಿಯನ್ನು ಆಡಳಿತದ ಸಮಸ್ಯೆಯೆಂದು ಕಂಡದ್ದು ಬ್ರಿಟಿಷರ ಕಾಲದಲ್ಲಿ. 1864ರಲ್ಲಿ ಡೀಟ್ರಿಚ್ ಬ್ರಾಂಡಿಸ್ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಾಧಿಕಾರಿಯಾದರು. 1865 ಮತ್ತು 1878ರ ಅರಣ್ಯ ಕಾಯ್ದೆಗಳು ಬೆಂಕಿ ಹಚ್ಚುವುದನ್ನು ಅಪರಾಧವಾಗಿಸಿದವು. ಮಲೆನಾಡು, ಕರಾವಳಿಗಳಲ್ಲಿ ಕಾಡು ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೂ ಆ ಶತಮಾನದಲ್ಲೇ ಕಡಿವಾಣ ಬಿತ್ತು. ಆದರೆ ಬಸವಕಲ್ಯಾಣ, ಹುಮನಾಬಾದ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಲ್ಯಾಣಕ್ಕೆ ತನ್ನದೇ ನವಾಬರಿದ್ದರು. ಹುಮನಾಬಾದ್ ಪಕ್ಕದ ಚಿಟಗುಪ್ಪ ಪಾಯಿಗಾ ಮನೆತನದ ಜಹಗೀರಿಗೆ ಸೇರಿತ್ತು. ಜಹಗೀರು ನೆಲದ ಆಡಳಿತ ಬೇರೆ, ನಿಜಾಮರ ನೇರ ಆಡಳಿತ ಬೇರೆ ಆಗಿದ್ದುದರಿಂದ ಕಾಡಿನ ಪಾಲನೆಯೂ ಒಂದೇ ಕೈಯಲ್ಲಿರಲಿಲ್ಲ.

ಏಕೀಕರಣದ ನಂತರ

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಮರುವರ್ಷ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯದ ಭಾಗವಾಯಿತು. ಪ್ರಾಂತಗಳ ಬೇರೆ ಬೇರೆ ಕಾನೂನುಗಳ ಜಾಗಕ್ಕೆ 1963ರ ಅರಣ್ಯ ಕಾಯ್ದೆ ಬಂತು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಈ ಕಾಯ್ದೆಯಡಿ ಶಿಕ್ಷಾರ್ಹ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆ ರಾಜ್ಯದ ಬೋಳು ನೆಲಗಳಿಗೆ ನೆಡುತೋಪು ತಂದಿತು. 1993ರಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಬಿದ್ದು ಗ್ರಾಮ ಅರಣ್ಯ ಸಮಿತಿಗಳಿಗೆ ದಾರಿಯಾಯಿತು. ಊರಿನ ಜನ ಕಾಡಿನ ಪಾಲುದಾರರಾಗಬೇಕೆಂಬ ಮಾತು ಸರ್ಕಾರದ ಕಡತಕ್ಕೆ ಬಂದದ್ದು ಹೀಗೆ. ಹುಮನಾಬಾದ್ ಸೀಮೆಗೆ ತೀರ ದೂರವಲ್ಲದ ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು.

ಕಾರಣಗಳು

ಇಂಥ ಒಣ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಹೆಚ್ಚಿನದು ಮನುಷ್ಯರ ಕೈಯದೇ. ಹೊಲದ ಬದು ಸುಡುವುದು, ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದು, ಎಳೆ ಹುಲ್ಲು ಚಿಗುರಲೆಂದು ಕರಡಕ್ಕೆ ಕಡ್ಡಿ ಗೀರುವುದು, ಆರದ ಬೀಡಿ ತುಂಡು ಎಸೆಯುವುದು ಮುಖ್ಯ ಕಾರಣಗಳು. ಹೊಲ ಹಸನು ಮಾಡುವ ಹೊತ್ತೂ ಬೇಸಿಗೆಯ ಗಾಳಿಯೂ ಒಂದಾದಾಗ ಬದುವಿನ ಕಿಡಿ ಗುಡ್ಡ ಹತ್ತುತ್ತದೆ. ಹೈದರಾಬಾದ್–ಸೋಲಾಪುರ ಹೆದ್ದಾರಿ ಈ ಸೀಮೆಯನ್ನು ಸೀಳಿಕೊಂಡು ಹೋಗಿರುವುದರಿಂದ ರಸ್ತೆಬದಿಯ ಹುಲ್ಲಿಗೂ ಅಪಾಯ ತಪ್ಪಿಲ್ಲ.

ಬೆಂಕಿಯ ಬಳಕೆಯೆಲ್ಲ ಕೇಡಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ ‘ತರಗು ಬೆಂಕಿ’ ಹಚ್ಚಿ ನೆಲದ ಕಸವನ್ನಷ್ಟೇ ಸುಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಕಳೆ ಹಬ್ಬಿತೆಂಬುದು ಅವರ ಅನುಭವದ ಮಾತು. ಕಾಲ, ಗಾಳಿ, ಅಳತೆ ಅರಿತು ಹಚ್ಚುವ ಬೆಂಕಿಗೂ ಏಪ್ರಿಲ್ ಬಿಸಿಲಲ್ಲಿ ಕೈಮೀರುವ ಬೆಂಕಿಗೂ ಬಹಳ ಅಂತರವಿದೆ.

ಪರಿಣಾಮ

ದಪ್ಪ ತೊಗಟೆಯ ಮುತ್ತುಗ ಸುಟ್ಟರೂ ಬುಡದಿಂದ ಚಿಗುರುತ್ತದೆ. ಬೇರೆ ಮರಗಳ ಸಸಿಗಳು ಉಳಿಯುವುದಿಲ್ಲ. ವರ್ಷವರ್ಷವೂ ಉರಿದ ಕಾಡಿನಲ್ಲಿ ಮುದಿ ಮರಗಳಿರುತ್ತವೆ, ಅವುಗಳ ಜಾಗ ತುಂಬುವ ಎಳೆಯವು ಇರುವುದಿಲ್ಲ. ನೆಲದಲ್ಲೇ ಮೊಟ್ಟೆಯಿಡುವ ಗೌಜಲಕ್ಕಿ, ಟಿಟ್ಟಿಭಗಳ ಗೂಡಿನ ಕಾಲವೂ ಬೆಂಕಿಯ ಕಾಲವೂ ಒಂದನ್ನೊಂದು ಮುಟ್ಟುತ್ತವೆ. ಜಿಲ್ಲೆಯ ಹುಲ್ಲುಗಾವಲಿನ ಹೆಮ್ಮೆಯಾದ ಕೃಷ್ಣಮೃಗಕ್ಕೂ ಊರ ದನಕುರಿಗಳಿಗೂ ಕಡುಬೇಸಿಗೆಯ ಮೇವು ಸುಟ್ಟುಹೋಗುತ್ತದೆ. ಹೊದಿಕೆ ಕಳೆದುಕೊಂಡ ಇಳಿಜಾರಿನ ಮಣ್ಣು ಮೊದಲ ಮಳೆಗೆ ಕೊಚ್ಚಿ ಕೆರೆ ಸೇರುತ್ತದೆ.

ಉಪಗ್ರಹದ ಕಣ್ಣು

ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ 2004ರಿಂದ ಮೋಡಿಸ್ ಸಂವೇದಕದ ನೆರವಿನಿಂದ ಹೊತ್ತಿದ ಬೆಂಕಿಯ ಸೂಚನೆ ಕಳಿಸುತ್ತಿದೆ. ಮೋಡಿಸ್ ನೋಡುವ ಒಂದೊಂದು ಚೌಕ ಸುಮಾರು 1 ಕಿ.ಮೀ.; 2017ರ ಹೊತ್ತಿಗೆ ಬಳಕೆಗೆ ಬಂದ ವಿಯರ್ಸ್ ಸಂವೇದಕದ್ದು 375 ಮೀಟರ್. ಕಣ್ಣು ಚುರುಕಾದಂತೆ ಕಾಣುವ ಬೆಂಕಿಗಳ ಸಂಖ್ಯೆಯೂ ಏರಿತು. ಹಾಗಾಗಿ ಹಳೆಯ, ಹೊಸ ಅಂಕಿಗಳನ್ನು ನೇರ ಹೋಲಿಸಿ ಕಾಡ್ಗಿಚ್ಚು ಇಷ್ಟು ಪಟ್ಟು ಹೆಚ್ಚಿತೆನ್ನುವುದು ತಪ್ಪು. ದೇಶದ ಅರಣ್ಯ ಹೊದಿಕೆಯ ಶೇ. 36ಕ್ಕೂ ಹೆಚ್ಚು ಭಾಗ ಮತ್ತೆಮತ್ತೆ ಬೆಂಕಿಗೆ ತುತ್ತಾಗಬಲ್ಲದೆಂದು ಸಂಸ್ಥೆಯ 2019ರ ವರದಿ ತಿಳಿಸಿತು.

ಅದೇ ವರ್ಷ ಫೆಬ್ರುವರಿಯಲ್ಲಿ ಬಂಡೀಪುರದ ಸುಮಾರು 4,400 ಹೆಕ್ಟೇರ್ ಕಾಡು ಉರಿಯಿತು. ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿದವು, ದೇಶವೇ ಆ ಕಡೆ ನೋಡಿತು. ಆದರೆ ಉಪಗ್ರಹ ಹಾದುಹೋಗುವ ಎರಡು ಹೊತ್ತಿನ ನಡುವೆ ಹೊತ್ತಿ ಆರಿದ ಸಣ್ಣ ಗುಡ್ಡದ ಬೆಂಕಿ ಲೆಕ್ಕಕ್ಕೂ ಸಿಗದೆ ಹೋಗುತ್ತದೆ. ಬಸವಕಲ್ಯಾಣದಂಥ ಕಡೆ ಬೀಟ್ ಗಾರ್ಡ್ ಬರೆದಿಡುವ ದಿನಾಂಕ, ಜಾಗ, ಕಾರಣಗಳೇ ಇತಿಹಾಸದ ಆಧಾರ.

ಹೊರಗಿನ ಹೋಲಿಕೆ

ಪಶ್ಚಿಮ ಆಫ್ರಿಕದ ಘಾನಾದಲ್ಲಿ 1982–83ರ ಬರಗಾಲದಲ್ಲಿ ಕಾಡೂ ಕೋಕೋ ತೋಟಗಳೂ ವ್ಯಾಪಕವಾಗಿ ಸುಟ್ಟವು. 1983ರಲ್ಲೇ ಅಲ್ಲಿನ ಸರ್ಕಾರ ಬೆಂಕಿ ನಿಯಂತ್ರಣದ ಕಾನೂನು ತಂದು 1990ರಲ್ಲಿ ಬದಲಿಸಿತು. ಮರ ಕಡಿದು ತೆರವಾದ ಕಾಡಿಗೆ ನುಗ್ಗಿದ ಕ್ರೊಮೊಲೀನ ಕಳೆ ಅಲ್ಲಿ ಬೆಂಕಿಗೆ ಸರಕಾಯಿತು. ಮೊದಲು ಕಾಡು ತೆಳುವಾಗುತ್ತದೆ, ಬಳಿಕ ಬೆಂಕಿಗೆ ಸುಲಭದ ತುತ್ತಾಗುತ್ತದೆ: ಈ ಕ್ರಮ ಅಲ್ಲೂ ನಮ್ಮ ಸೀಮೆಯಲ್ಲೂ ಒಂದೇ.

ನಿಯಂತ್ರಣ

ಬೇಸಿಗೆಗೆ ಮುನ್ನ ಕಾಡಿನ ಅಂಚಿನ ಹುಲ್ಲು ಕೊಯ್ದು ಸುಟ್ಟು ‘ಬೆಂಕಿ ರೇಖೆ’ ಎಳೆಯುವುದು, ಹಂಗಾಮಿ ಕಾವಲುಗಾರರನ್ನು ನೇಮಿಸುವುದು, ಹಸಿ ಸೊಪ್ಪಿನಿಂದ ಬಡಿದು ಉರಿ ಆರಿಸುವುದು ಇಲಾಖೆಯ ರೂಢಿಯ ಕ್ರಮಗಳು. ಕೇಂದ್ರ ಸರ್ಕಾರದ 2018ರ ರಾಷ್ಟ್ರೀಯ ಕ್ರಿಯಾಯೋಜನೆ ಕಾಡಂಚಿನ ಜನರ ಪಾಲ್ಗೊಳ್ಳುವಿಕೆಗೆ ಒತ್ತು ಕೊಟ್ಟಿತು. ಬಸವಕಲ್ಯಾಣ–ಹುಮನಾಬಾದ್ ಸೀಮೆಗೆ ಈ ಒತ್ತು ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ಇಲ್ಲಿ ಕಾಡಿನ ಒಳಭಾಗಕ್ಕಿಂತ ಅಂಚೇ ಹೆಚ್ಚು. ರವದಿಯನ್ನು ಸುಡದೆ ಪುಡಿಮಾಡಿ ಮಣ್ಣಿಗೆ ಸೇರಿಸಿದರೆ ಹೊಲಕ್ಕೆ ಗೊಬ್ಬರ, ಗುಡ್ಡಕ್ಕೆ ರಕ್ಷಣೆ. ಜನವರಿಯಲ್ಲೇ ಹುಲ್ಲು ಕೊಯ್ದು ಒಯ್ಯಲು ಊರವರಿಗೆ ಅವಕಾಶ ಕೊಟ್ಟರೆ ದನಕ್ಕೆ ಮೇವು, ಬೆಂಕಿಗೆ ಉಪವಾಸ. ಉಳಿದಿರುವ ಕಾಡು ಇಷ್ಟೇ ಆಗಿರುವಾಗ, ಅದರ ಒಂದೊಂದು ಎಕರೆಯನ್ನೂ ಬೇಸಿಗೆ ದಾಟಿಸುವುದು ಇಲಾಖೆಯಷ್ಟೇ ರೈತರ ಕೆಲಸವೂ ಹೌದು.