ಆರಾಮ ಆದಮ್ಯಾಲ ಅಂದ್ರ ಯಾವಾಗ?

ಮನೋಳಿಯ ನಮ್ಮ ಮನೆ ಎದುರಿಗೇ ದೊಡ್ಡಪ್ಪನ ಮನೆ. ಅವನ ಮಗಳು, ನನಗೆ ಅಕ್ಕ ಆಗಬೇಕು, ಬಾಗಿಲ ಬೆಳಕಿಗೆ ಹೊಲಿಗಿ ಮಷೀನ್ ಇಟ್ಟುಕೊಂಡು ಕೂತಿರುತ್ತಿದ್ದಳು. ಸಣ್ಣಾಕಿದ್ದಾಗ ಬಂದ ಗಂಟಲಬ್ಯಾನಿ ಕೀಲಿಗಿಳಿದು, ಮುಂದೆ ಹೃದಯದ ಕವಾಟಕ್ಕೇ ಹೋಗಿತ್ತು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್, ಅದನ್ನು ಆಕೆ ಎಂದೂ ತಪ್ಪಿಸಲಿಲ್ಲ. ಎಲ್ಲಮ್ಮನ ಜಾತ್ರೆ ಹತ್ತಿರ ಬಂತೆಂದರೆ ಓಣಿಯ ಅರ್ಧ ಜಂಪರು ಆಕೆಯ ಕೈಯಲ್ಲೇ ಇರುತ್ತಿದ್ದವು. ಅದರ ನಡುವೆ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆ ಕಟ್ಟುತ್ತೇನೆ ಎಂದು ಹೊರಟಾಗ, ನಾನು ದೊಡ್ಡ ಶಾಣ್ಯಾನಂಗ ಹೇಳಿದ್ದೆ: "ಅಕ್ಕಾ, ಮೊದಲ ಆರಾಮ ಆಗು. ಪರೀಕ್ಷಾ ಆಮ್ಯಾಲ ಬರದರಾತು."

ಮಷೀನ್ ನಿಲ್ಲಿಸದೇ ಅಂದಳು: "ಆರಾಮ ಆದಮ್ಯಾಲ ಅಂದ್ರ ಯಾವಾಗೋ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತಾರಕ್ಕೆ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ "ಪಾಪ, ಏನೂ ಕಾಣಲಿಲ್ಲ ಹುಡುಗಿ" ಅಂದರು. ಆ ಮಾತು ನನಗೆ ಆಗಲೂ ಸರಿ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಇದೇ ಮಾತನ್ನು ನಾವು ಇತಿಹಾಸದ ಇನ್ನೊಬ್ಬ ಹುಡುಗಿಯ ಬಗ್ಗೆಯೂ ಹೇಳುತ್ತ ಬಂದಿದ್ದೇವೆ. ಆಕೆ ಆನಂದಿಬಾಯಿ ಜೋಶಿ, ಪಾಶ್ಚಾತ್ಯ ವೈದ್ಯ ಪದವಿ ಪಡೆದ ಮೊದಲ ಭಾರತೀಯ ಹೆಣ್ಣುಮಕ್ಕಳಲ್ಲಿ ಒಬ್ಬಳು. ಹುಟ್ಟಿದ್ದು 1865ರ ಮಾರ್ಚ್ 31ರಂದು, ಮುಂಬೈ ಹತ್ತಿರದ ಕಲ್ಯಾಣದಲ್ಲಿ. ಆಗ ಕಲ್ಯಾಣವೂ ನಮ್ಮ ಬೆಳಗಾವಿ, ಧಾರವಾಡಗಳೂ ಒಂದೇ ಮುಂಬೈ ಇಲಾಖೆಯಲ್ಲಿದ್ದವು. ಒಂಬತ್ತಕ್ಕೆ ಮದುವೆ. ಗಂಡ ಗೋಪಾಳರಾವ್ ಅಂಚೆ ಇಲಾಖೆಯ ನೌಕರ, ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವನು. ಓದು ಓದು ಎಂದು ಹಟ ಹಿಡಿದವನೂ ಅವನೇ, ಹೊಡೆದವನೂ ಅವನೇ. ಹದಿನಾಲ್ಕಕ್ಕೆ ಒಂದು ಗಂಡುಕೂಸು ಹುಟ್ಟಿ, ಹತ್ತೇ ದಿನಕ್ಕೆ ಹೋಯಿತು. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಡಾಕ್ಟರ್ ಆಗಬೇಕೆಂಬ ಆಸೆ ಬೇರೂರಿದ್ದು ಅಲ್ಲಿಂದ.

ಈ ಕಥೆಗೆ ನಮ್ಮ ಪಕ್ಕದ ಕೊಲ್ಲಾಪುರದ ನಂಟೂ ಇದೆ. ಗೋಪಾಳರಾವ್ ಅಲ್ಲಿ ನೌಕರಿಯಲ್ಲಿದ್ದಾಗ, ಹಿಂದೆ ಕೊಲ್ಲಾಪುರದಲ್ಲಿ ಮಿಷನರಿಯಾಗಿದ್ದು ಅಮೆರಿಕಕ್ಕೆ ಮರಳಿದ್ದ ರಾಯಲ್ ವೈಲ್ಡರ್ ಅವರಿಗೆ ಹೆಂಡತಿಯ ಓದಿನ ಬಗ್ಗೆ ಪತ್ರ ಬರೆದ. ವೈಲ್ಡರ್ ಅದನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಿದರು. 1880ರಲ್ಲಿ ನ್ಯೂಜೆರ್ಸಿಯ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಹೆಣ್ಣುಮಗಳು ಹಲ್ಲಿನ ಡಾಕ್ಟರ ಹತ್ತಿರ ಪಾಳಿ ಕಾಯುತ್ತ ಕೂತಾಗ ಆ ಪತ್ರ ಓದಿದಳು, ನೆರವು ಕೊಡುತ್ತೇನೆಂದು ಬರೆದಳು. ಹಾಗೆ ಇಬ್ಬರ ಗೆಳೆತನ ಶುರುವಾಯಿತು.

ಈಗ ನಾನು ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಅಮೆರಿಕದ ಚಳಿಗೆ ಹೋಗಿ ಆನಂದಿಬಾಯಿ ರೋಗ ಹಚ್ಚಿಕೊಂಡಳು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಆಕೆ ಹೊರಡುವ ಮುಂಚೆಯೇ ಆರಾಮ ಇರಲಿಲ್ಲ. ಕಲ್ಕತ್ತಾದಲ್ಲಿದ್ದಾಗಲೇ ನಿಶ್ಶಕ್ತಿ, ಬಿಡದ ತಲೆನೋವು, ಆಗಾಗ ಜ್ವರ, ಒಮ್ಮೊಮ್ಮೆ ಉಸಿರು ಕಟ್ಟುವುದು. ಕಾರ್ಪೆಂಟರ್ ಅಮೆರಿಕದಿಂದ ಔಷಧ ಕಳಿಸಿದಳು, ಗುಣ ಕಾಣಲಿಲ್ಲ. ಅಂಥ ಮೈಯಲ್ಲೇ 1883ರ ಫೆಬ್ರುವರಿಯಲ್ಲಿ ಶ್ರೀರಾಂಪುರ ಕಾಲೇಜಿನ ಸಭೆಯಲ್ಲಿ ನಿಂತು, ತಾನು ಅಮೆರಿಕಕ್ಕೆ ಯಾಕೆ ಹೋಗುತ್ತೇನೆ ಎಂದು ಜನಕ್ಕೆ ಹೇಳಿದಳು. ನಮ್ಮ ಹೆಂಗಸರಿಗೆ ಹೆಂಗಸು ಡಾಕ್ಟರೇ ಬೇಕು ಎಂಬುದು ಆಕೆಯ ವಾದ. ಏಪ್ರಿಲ್‌ನಲ್ಲಿ ಹಡಗು ಹತ್ತಿದಳು. ಗಂಡ ಜೊತೆಗಿರಲಿಲ್ಲ. ವಯಸ್ಸು ಹದಿನೆಂಟು.

ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಡೀನ್ ರೇಚಲ್ ಬಾಡ್ಲಿ ಸೇರಿಸಿಕೊಂಡರು. ಚಳಿ, ಒಗ್ಗದ ಊಟ, ಮೇಲೆ ಹಳೇ ಬ್ಯಾನಿ. ಕ್ಷಯ ಕೈಬಿಡಲಿಲ್ಲ, ಆಕೆ ಓದು ಬಿಡಲಿಲ್ಲ. 1885ರ ಅಕ್ಟೋಬರಿನ ಒಂದು ಫೋಟೋ ನೀವೂ ನೋಡಿರಬಹುದು: ಸೀರೆಯುಟ್ಟ ಆನಂದಿಬಾಯಿ, ಪಕ್ಕದಲ್ಲಿ ಜಪಾನಿನ ಕೇಯಿ ಓಕಾಮಿ ಮತ್ತು ಸಿರಿಯಾದ ಸಬಾತ್ ಇಸ್ಲಾಂಬೂಲಿ, ಮೂವರೂ ತಂತಮ್ಮ ದೇಶದ ಉಡುಪಿನಲ್ಲಿ. 1886ರ ಮಾರ್ಚ್ 11ರಂದು ಎಂ.ಡಿ. ಪದವಿ. ಪ್ರಬಂಧದ ವಿಷಯ ಹಿಂದೂ ಪರಂಪರೆಯ ಹೆರಿಗೆ ಶಾಸ್ತ್ರ. ಆ ಸಮಾರಂಭಕ್ಕೆ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಇಂಗ್ಲೆಂಡಿನಿಂದ ಸಮುದ್ರ ದಾಟಿ ಬಂದಿದ್ದರು.

ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಆಕೆಯನ್ನು ನೇಮಿಸಿದರು. ಆ ವರ್ಷದ ಕೊನೆಗೆ ಊರಿಗೆ ಬರುವಷ್ಟರಲ್ಲಿ ರೋಗ ಬಲಿತಿತ್ತು. ಕೆಲಸಕ್ಕೆ ಸೇರಲಾಗಲಿಲ್ಲ. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡಳು, ಇಪ್ಪತ್ತೆರಡು ತುಂಬುವ ಮೊದಲೇ. ಚಿತಾಭಸ್ಮವನ್ನು ಕಾರ್ಪೆಂಟರ್‌ಗೆ ಕಳಿಸಿದರು. ಆಕೆ ಅದನ್ನು ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿಯಲ್ಲಿ ತಮ್ಮ ಮನೆತನದ ಸಮಾಧಿಗಳ ನಡುವೆ ಇಟ್ಟಳು.

ಆಕೆ ಆರಾಮ ಆಗಲಿ ಎಂದು ಕಾದಿದ್ದರೆ ಏನಾಗುತ್ತಿತ್ತು? ಕ್ಷಯದ ರೋಗಾಣುವನ್ನು ರಾಬರ್ಟ್ ಕೋಖ್ ಲೋಕಕ್ಕೆ ತೋರಿಸಿದ್ದು 1882ರಲ್ಲಿ, ಆಕೆ ಹಡಗು ಹತ್ತುವ ಹಿಂದಿನ ವರ್ಷ. ಆದರೆ ರೋಗಕ್ಕೆ ನಾಟುವ ಔಷಧ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಂದರೆ ಅರವತ್ತು ವರ್ಷ ಕಾಯಬೇಕಿತ್ತು!

ಆ ಔಷಧ ಬಂದ ಮೇಲೆ ಏನಾಯಿತು ಎಂಬುದಕ್ಕೆ ನಮ್ಮ ಜಿಲ್ಲೆಯವರೇ ಸಾಕ್ಷಿ. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಳಿಮಠ, ಅಂದರೆ ನಮ್ಮ ಕುಮಾರ ಗಂಧರ್ವ. ಅವರಿಗೂ ಇದೇ ಕ್ಷಯ. 1948ರಲ್ಲಿ ಗಾಳಿ ಬದಲಾವಣೆಗೆಂದು ದೇವಾಸಕ್ಕೆ ಹೋದರು. ಹಾಡಬಾರದೆಂದು ಡಾಕ್ಟರು ಹೇಳಿದ್ದರು. ಹಾಸಿಗೆಯಲ್ಲಿ ಮಲಗಿಯೇ ಮಾಳವದ ಜನಪದ ಹಾಡು ಕೇಳಿದರು, ಧಾಟಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರು. ಹೆಂಡತಿ ಭಾನುಮತಿಯ ಆರೈಕೆ, ಜೊತೆಗೆ ಸ್ಟ್ರೆಪ್ಟೋಮೈಸಿನ್. ಗುಣವಾಗಿ ಮತ್ತೆ ಹಾಡಿದರು, 1992ರವರೆಗೆ ಬದುಕಿದರು. ಆ ಇಬ್ಬರ ನಡುವಿನ ವ್ಯತ್ಯಾಸ ಛಲದ್ದಲ್ಲ, ಔಷಧದ್ದು. ಹಾಸಿಗೆಯ ದಿನಗಳನ್ನು ಬದುಕಿನ ಲೆಕ್ಕದಿಂದ ಹೊರಗಿಡಲಿಲ್ಲ ಎನ್ನುವುದು ಮಾತ್ರ ಇಬ್ಬರಲ್ಲೂ ಒಂದೇ.

ಅದಕ್ಕೇ ಔಷಧ ಬಿಡಿ, ಛಲ ಸಾಕು ಎಂದು ನಾನು ಹೇಳುತ್ತಿಲ್ಲ. ಇವತ್ತು ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಮುಗಿಸಲೇಬೇಕು. ಆದರೆ ಔಷಧ ತೆಗೆದುಕೊಳ್ಳುವ ದಿನಗಳೂ ದಿನಗಳೇ. ಆನಂದಿಬಾಯಿ ಒಬ್ಬ ರೋಗಿಯನ್ನೂ ಕೊಲ್ಲಾಪುರದಲ್ಲಿ ನೋಡಲಿಲ್ಲ ನಿಜ. ಆದರೆ ಹಡಗು ಹತ್ತಿದ ದಿನದಿಂದ ತೀರಿಕೊಂಡ ದಿನದವರೆಗಿನ ನಾಲ್ಕು ವರ್ಷವನ್ನು ಒಮ್ಮೆ ಎಣಿಸಿ ನೋಡಿ. ಗಟ್ಟಿ ಮೈಯ ನಾವು ನಲವತ್ತು ವರ್ಷದಲ್ಲಿ ಅಷ್ಟು ಮಾಡಿದ್ದೇವೆಯೇ?

ನಮ್ಮ ಅಕ್ಕ ಎರಡು ವರ್ಷದ ಪರೀಕ್ಷೆ ಪಾಸಾಗಿದ್ದಳು, ಮೂರನೆಯದು ಉಳಿಯಿತು. ಹೊಲಿಗೆ ಕಲಿತು ಹೋದ ಹುಡುಗಿಯರಲ್ಲಿ ಇಬ್ಬರು ಇವತ್ತು ಅದೇ ಕಸುಬಿನಲ್ಲಿ ಮನೆ ನಡೆಸುತ್ತಿದ್ದಾರೆ. ಏನೂ ಕಾಣಲಿಲ್ಲ ಅಂದವರ ಮನೆಯ ಜಂಪರೂ ಅಲ್ಲೇ ಹೊಲಿದದ್ದು.

ನಿಮ್ಮ ಮನೆಯಲ್ಲೂ ವರ್ಷಗಟ್ಟಲೆ ಗುಳಿಗೆ ನುಂಗುತ್ತಿರುವ ಮಗಳೋ ತಂಗಿಯೋ ಇದ್ದು, ಏನಾದರೂ ಕಲಿಯುತ್ತೇನೆ ಅಂದರೆ, ನನ್ನಂಗ "ಮೊದಲ ಆರಾಮ ಆಗು" ಅನ್ನಬ್ಯಾಡ್ರಿ. ಫೀ ಎಷ್ಟು, ಅರ್ಜಿ ತುಂಬಲಿಕ್ಕೆ ಕಡೀ ತಾರೀಖು ಯಾವಾಗ, ಅಷ್ಟು ಕೇಳ್ರಿ ಸಾಕು.