ಸಲಿಂಗಿ

ಸಂಸ್ಕೃತದಲ್ಲಿ ‘ಸ’ ಎಂದರೆ ಸಮಾನ; ಅದಕ್ಕೆ ಲಿಂಗ ಸೇರಿ ಸಲಿಂಗಿ. ಪತ್ರಿಕೆಗಳಲ್ಲಿ ಬಹುಕಾಲ ಓಡಾಡಿದ್ದು ‘ಸಲಿಂಗಕಾಮಿ’. ಬಾಲದ ಆ ‘ಕಾಮಿ’ ಇಡೀ ಬದುಕನ್ನು ಹಾಸಿಗೆಗೆ ಇಳಿಸಿಬಿಡುತ್ತದೆ. ಗಂಡ-ಹೆಂಡತಿಯನ್ನು ಯಾರೂ ಹಾಗೆ ಕರೆಯುವುದಿಲ್ಲವಲ್ಲ!

ಸಿನಿಮಾಕ್ಕೂ ಪದದ ತಾಪತ್ರಯ ತಪ್ಪಿಲ್ಲ. ದೀಪಾ ಮೆಹ್ತಾರ ‘ಫೈರ್’ (1996) ಚಿತ್ರದ ಸೀತಾ, ತಮ್ಮಿಬ್ಬರ ಸಂಬಂಧಕ್ಕೆ ನಮ್ಮ ಭಾಷೆಯಲ್ಲಿ ಪದವೇ ಇಲ್ಲ ಎಂದು ಓರಗಿತ್ತಿ ರಾಧಾಳಿಗೆ ಹೇಳುತ್ತಾಳೆ. ಚಿತ್ರ ಭಾರತದಲ್ಲಿ ಬಿಡುಗಡೆಯಾದಾಗ, 1998ರಲ್ಲಿ, ಮುಂಬಯಿ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. 2016ರಲ್ಲಿ ತೆರೆಕಂಡ ‘ಅಲಿಗಢ’ದ ಪ್ರೊಫೆಸರ್ ಸಿರಾಸ್‌ಗೆ ಪದ ಗೊತ್ತು, ಇಂಗ್ಲಿಷಿನ ಮೂರಕ್ಷರದ ‘ಗೇ’ಯಲ್ಲಿ (ಕನ್ನಡದಲ್ಲಿ ಒಂದೇ ಅಕ್ಷರ!) ತನ್ನ ಭಾವನೆ ಹಿಡಿಸೀತೇ ಎಂಬ ಅನುಮಾನ. ‘ಬಧಾಯಿ ದೋ’ (2022) ಹೊತ್ತಿಗೆ ಸಲಿಂಗಿ ಪೊಲೀಸ್, ಸಲಿಂಗಿ ಪಿ.ಟಿ. ಮೇಡಂ ಮನೆಯವರ ಕಾಟ ತಪ್ಪಿಸಿಕೊಳ್ಳಲು ಮದುವೆಯಾಗಿ ಪ್ರೇಕ್ಷಕರನ್ನು ನಗಿಸುತ್ತಾರೆ.